ಕಲಬುರಗಿ ಬಿಸಲಾಗ ವರ್ಕ್‌ಸ್ಟೇಷನ್ ಲ್ಯಾಪ್‌ಟಾಪ್: ಯಾವುದು ತಗೋಬೇಕು, ಹೆಂಗ ಸಂಭಾಳಸ್ಬೇಕು

ಡ್ರೋನ್ ಸರ್ವೇ ಕೆಲಸಕ್ಕ ಹೊಸದಾಗಿ ಇಳಿಯೋ ಹುಡುಗ್ರು ಮೊದ್ಲ ಡ್ರೋನ್ ಯಾವುದು ಅಂತ ಕೇಳ್ತಾರ, ಆಮ್ಯಾಲ ಒಂದು ಖಣಿ ಮ್ಯಾಲ ಹಾರಿಸಿ ಫೋಟೋ ಎಲ್ಲಾ ಮನೀಗಿ ತಂದು ಲ್ಯಾಪ್‌ಟಾಪಿಗಿ ಹಾಕಿ ನೋಡಿ ಅವ್ರೇ ತಿರುಗಿ ಫೋನ್ ಹಚ್ತಾರ, "ಅಣ್ಣಾ, ನಿನ್ನೆಯಿಂದ ಪ್ರೊಸೆಸಿಂಗ್ 18 ಪರ್ಸೆಂಟಿಗೇ ನಿಂತದ, ಲ್ಯಾಪ್‌ಟಾಪ್ ಯಾವುದು ತಗೋಳಿ ಹೇಳ್ರಿ." ಒಬ್ಬೊಬ್ಬರಿಗಿ ಹೇಳಿ ಹೇಳಿ ಸಾಕಾಗ್ಯಾದ, ಅದಕ್ಕ ಎಲ್ಲಾ ಇಲ್ಲೇ ಬರದ್ ಬಿಡ್ತೀನಿ. ನಾ ಬಾಳಸೋದು ವರ್ಕ್‌ಸ್ಟೇಷನ್ ಲ್ಯಾಪ್‌ಟಾಪ್, ಅಂದ್ರ ಇಂಥ ಭಾರಿ ಕೆಲಸಕ್ಕಂತನೇ ಮಾಡಿದ ಮಷೀನ್.

ನನ್ನ ಕೆಲಸ ಏನಂದ್ರ ಸೇಡಂ, ಚಿತ್ತಾಪುರ, ವಾಡಿ ಕಡಿ ಸುಣ್ಣದ ಕಲ್ಲಿನ ಖಣಿ, ಶಹಾಬಾದ್ ಕಡಿ ಹಾಸಗಲ್ಲಿನ ಖಣಿ, ಇವುಗಳ ಮ್ಯಾಲ ಡ್ರೋನ್ ಹಾರಿಸಿ ಎಷ್ಟು ಮಾಲು ತೆಗದಾರ ಎಷ್ಟು ಉಳದಾದ ಅಂತ ಲೆಕ್ಕಾ ಮಾಡಿ ಕೊಡೋದು. 2021ರ ನವೆಂಬರ್‌ದಾಗ ಖನಿಜ ಸಂರಕ್ಷಣೆ ನಿಯಮ ತಿದ್ದಿ, ವರ್ಷಕ್ಕ 10 ಲಕ್ಷ ಟನ್ ಇಲ್ಲಾ ಅದಕ್ಕಿಂತ ಹೆಚ್ಚು ತೆಗಿಯೋ ಪ್ಲಾನ್ ಇರೋರು, ಇಲ್ಲಾಂದ್ರ 50 ಹೆಕ್ಟೇರ್ ಇಲ್ಲಾ ಅದಕ್ಕೂ ದೊಡ್ಡ ಲೀಸ್ ಇರೋರು ವರ್ಷಾ ವರ್ಷಾ ಡ್ರೋನ್ ಫೋಟೋ ಕೊಡಬೇಕು ಅಂತ ಮಾಡ್ಯಾರ, ಅಲ್ಲಿಂದ ನಮ್ಮಂಥವ್ರಿಗಿ ಜರಾ ಕೆಲಸ ಹೆಚ್ಚಾಗ್ಯಾದ. ಹಿಂದಮುಂದ 80 ಪರ್ಸೆಂಟ್, ಪಕ್ಕಕ್ಕ 70 ಪರ್ಸೆಂಟ್ ಒಂದರ ಮ್ಯಾಲ ಒಂದು ಬರೋ ಹಂಗ ಫೋಟೋ ತೆಗಿಬೇಕು, ಹಂಗ ತೆಗದ್ರ ಒಂದು ಮಧ್ಯಮ ಖಣಿಗೇ ಸಾವಿರದ ಮ್ಯಾಲ ಫೋಟೋ ಆಗ್ತಾವ. ಡೆಸ್ಕ್‌ಟಾಪ್ ಯಾಕ ಬ್ಯಾಡ ಅಂತ ಕೇಳ್ತೀರಿ, ಖಣಿ ಬಿಟ್ಟು ಬರೋದರೊಳಗ ಅಲ್ಲೇ ಆಫೀಸಿನಾಗ ಕುಂತು ಒಂದು ಸಲ ಫೋಟೋ ಅಲೈನ್ ಮಾಡಿ, ಅಂದ್ರ ಒಂದಕ್ಕೊಂದು ಹೊಂದಿಸಿ ನೋಡಬೇಕಾಗ್ತದ್ರಿ, ಎಲ್ಲ್ಯಾರ ಫೋಟೋ ಬರದೇ ತೂತು ಬಿದ್ದಿದ್ರ ಅವತ್ತೇ ಇನ್ನೊಮ್ಮೆ ಹಾರಸ್ಬೇಕು, ಮನೀಗಿ ಬಂದ ಮ್ಯಾಲ ಗೊತ್ತಾದ್ರ ಮತ್ತ ಬ್ಲಾಸ್ಟಿಂಗ್ ಟೈಮ್ ಕೇಳು, ಮತ್ತ ಗೇಟ್ ಪಾಸ್ ಮಾಡ್ಸು, ಅಷ್ಟರೊಳಗ ಅವ್ರು ಇನ್ನೊಂದು ಬೆಂಚ್ (ಖಣಿಯ ಮೆಟ್ಟಿಲು) ಒಡದೇ ಬಿಟ್ಟಿರ್ತಾರ.

ಈಗ ಮುಖ್ಯ ಮಾತಿಗಿ ಬರ್ತೀನಿ. ಯೂಟ್ಯೂಬಿನಾಗ ರಿವ್ಯೂ ಮಾಡೋರು ಎಲ್ಲಾ ಏಸಿ ರೂಮಿನಾಗ ಕುಂತು ಮಾಡ್ತಾರ, ಅವ್ರ ನಂಬರ್ ನಮಗ ನಡಿಯಂಗಿಲ್ಲ. ಲ್ಯಾಪ್‌ಟಾಪ್ ಜೊತಿ ಬರೋ ಕಾಗದ ತೆಗದು ಓದ್ರಿ, ಬಹಳಷ್ಟು ಕಂಪನಿಯವ್ರು ಸುತ್ತಲಿನ ಗಾಳಿ 35 ಡಿಗ್ರಿ ತನಕ ಅಂತ ಬರದಿರ್ತಾರ. ನಮ್ಮೂರಾಗ ಮೇ ತಿಂಗಳದಾಗ 42, 43 ಅನ್ನೋದು ಮಾಮೂಲಿ ಮಾತು. ಪ್ರೊಸೆಸರ್ 100 ಡಿಗ್ರಿಗಿ ಹೋತಂದ್ರ ತಾನೇ ಸ್ಪೀಡ್ ಇಳಸ್ಕೋತದ, ಮತ್ತ ಹೀಟ್‌ಸಿಂಕ್ ಎಷ್ಟು ಕಾವು ಹೊರಗ ಹಾಕ್ತದ ಅನ್ನೋದು ಚಿಪ್ಪಿಗೂ ಗಾಳಿಗೂ ಎಷ್ಟು ಡಿಗ್ರಿ ಫರಕ ಅದ ಅನ್ನೋದರ ಮ್ಯಾಲ ಅದ. 25 ಡಿಗ್ರಿ ರೂಮಿನಾಗ ಆ ಫರಕ 75, ನಮ್ಮ 42ರಾಗ ಖಾಲಿ 58. ಅಂದ್ರ ಅದೇ ಫ್ಯಾನು, ಅದೇ ತಾಮ್ರದ ಪೈಪು, ಆದ್ರ ಹೆಚ್ಚೂಕಮ್ಮಿ ಕಾಲು ಭಾಗ ತಾಕತ್ತು ನಾವು ಕೆಲಸಕ್ಕ ಕೂಡೋಕಿಂತ ಮೊದ್ಲೇ ಹೋತು. ತೆಳ್ಳಗಿನ ಛಂದನ ಮಷೀನಿನಾಗ ಮೊದ್ಲೇ ಜಾಗಾ ಇರಂಗಿಲ್ಲ, ಅದರಾಗ ಇದು ಬ್ಯಾರೆ. ಅದಕ್ಕ ನಾ ಎಲ್ಲಾರಿಗೂ ಹೇಳೋದು ದಪ್ಪಂದೇ ತಗೋರಿ, ಬ್ಯಾಗ್ ವಜ್ಜಾ ಆಗ್ಲಿ.

ಗ್ರಾಫಿಕ್ಸ್ ಕಾರ್ಡಿಂದು ಇನ್ನೂ ಮಜಾ ಅದ. ಹೆಸರು ಒಂದೇ, ವ್ಯಾಟ್ ಬ್ಯಾರೆ. ಆರ್‌ಟಿಎಕ್ಸ್ ಎ2000 ಲ್ಯಾಪ್‌ಟಾಪ್ ಕಾರ್ಡ್ 35 ವ್ಯಾಟಿಂದೂ ಬರ್ತದ, 95 ವ್ಯಾಟಿಂದೂ ಬರ್ತದ, ಎಷ್ಟು ಕೊಡಬೇಕು ಅನ್ನೋದು ಲ್ಯಾಪ್‌ಟಾಪ್ ಮಾಡೋನ ಕೈಯಾಗ. ಡಬ್ಬಿ ಮ್ಯಾಲ ಎರಡಕ್ಕೂ ಅದೇ ಹೆಸರು. ಅಂಗಡಿಯಾಗ ಕಮಾಂಡ್ ಪ್ರಾಂಪ್ಟ್ ತೆಗದು ಎನ್‌ವಿಡಿಯಾ-ಎಸ್‌ಎಂಐ (nvidia-smi) ಹೊಡಿರಿ, ಪವರ್ ಲಿಮಿಟ್ ಎಷ್ಟದ ತೋರಿಸ್ತದ, ಅಲ್ಲಿ ಕಮ್ಮಿ ಕಂಡ್ರ ಸುಮ್ಮ ಮುಚ್ಚಿ ಇಟ್ಟು ಚಾ ಕುಡಿಲಿಕ್ಕ ಹೋಗ್ರಿ.

ಹಂಗಾದ್ರ ಗೇಮಿಂಗ್ ಲ್ಯಾಪ್‌ಟಾಪ್ ಯಾಕ ಬ್ಯಾಡ? ಖರೇ ಹೇಳ್ಬೇಕಂದ್ರ ಫೋಟೋಗ್ರಾಮೆಟ್ರಿಗೆ, ಅಂದ್ರ ಫೋಟೋ ಜೋಡಿಸಿ ಅಳತಿ ತೆಗಿಯೋ ಕೆಲಸಕ್ಕ, ಅದೂ ನಡೀತದ. ಈ ಕೆಲಸ ಮಾಡೋ ಸಾಫ್ಟ್‌ವೇರ್ ಮೆಟಾಶೇಪ್, ಅದು ನಿಮ್ಮ ಕಾರ್ಡಿಗಿ ಸರ್ಟಿಫಿಕೇಟ್ ಅದ ಏನು ಅಂತ ಕೇಳಂಗಿಲ್ಲ, ಅಲೈನ್ ಮಾಡೂವಾಗ, ಡೆಪ್ತ್ ಮ್ಯಾಪ್ (ಯಾವ ಜಾಗ ಎಷ್ಟು ದೂರ ಅನ್ನೋ ಲೆಕ್ಕ) ಮಾಡೂವಾಗ ಜಿಫೋರ್ಸ್ ಅನ್ನೋ ಗೇಮಿಂಗ್ ಕಾರ್ಡ್ ಇದ್ರೂ ಓಡಸ್ತದ. ಸಾಫ್ಟ್‌ವೇರ್ ಕಂಪನಿಯವ್ರು ಪರೀಕ್ಷಾ ಮಾಡಿ ಒಪ್ಪಿದ ಸರ್ಟಿಫೈಡ್ ಡ್ರೈವರ್ ಅನ್ನೋದು ಸಾಲಿಡ್‌ವರ್ಕ್ಸ್, ಕಟಿಯಾ, ಕ್ರಿಯೋ ಅಂಥದ್ದು ಬಾಳಸೋ ಮಷೀನ್ ಡಿಸೈನ್ ಮಂದಿಗಿ ಬೇಕು. ನಾ ವರ್ಕ್‌ಸ್ಟೇಷನ್ ಕಡಿ ಹೊಳ್ಳಿದ್ದು ರ‍್ಯಾಮಿನ ಸಲುವಾಗಿ. ಗೇಮಿಂಗಿನಾಗ ಬಹಳ ಮಾಡೆಲ್‌ಗೆ ಎರಡೇ ಸ್ಲಾಟ್. ಡೆಲ್ ಪ್ರಿಸಿಷನ್ 7560, ಲೆನೊವೊ ಥಿಂಕ್‌ಪ್ಯಾಡ್ ಪಿ15 ಎರಡನೇ ಜನರೇಷನ್, ಎಚ್‌ಪಿ ಝೆಡ್‌ಬುಕ್ ಫ್ಯೂರಿ 15 ಜಿ8, ಮೂರರೊಳಗೂ ನಾಕು ಸ್ಲಾಟ್, 128 ಜಿಬಿ ತನಕ ಹಾಕಬಹುದು. ರ‍್ಯಾಮ್ ತುಂಬಿತಂದ್ರ ವಿಂಡೋಸ್ ಉಳದದ್ದು ಎಸ್‌ಎಸ್‌ಡಿ ಮ್ಯಾಲ ಒಗೀತದ, ಅದು ಭಾಳ ನಿಧಾನ, ಮೇಲೆ ನಾ ಹೇಳಿದ ಆ 18 ಪರ್ಸೆಂಟಿನ ಕಥಿ ಅಲ್ಲೇ ಆಗೋದು, ಮಂದಿ ಪ್ರೊಸೆಸರಿಗಿ ಬೈತಾರ. ತನ್ನ ತಪ್ಪು ತಾನೇ ತಿದ್ಕೊಳ್ಳೋ ಇಸಿಸಿ ರ‍್ಯಾಮ್ ಅಂತನೂ ಕೆಲವ್ರು ಕೇಳ್ತಾರ, ಈ ಮಾಡೆಲ್‌ಗಳೊಳಗ ಅದಕ್ಕ ಇಂಟೆಲ್‌ನ ಜಿಯಾನ್ ಪ್ರೊಸೆಸರ್ ಇರಬೇಕು, ಮಣ್ಣು ಕಲ್ಲಿನ ಲೆಕ್ಕಕ್ಕ ಅಷ್ಟು ಬೇಕಿಲ್ಲ.

ಹೊಸದು ತಗೊಳ್ಳೋ ರೊಕ್ಕ ಇರ್ಲಿಲ್ಲ, ಸಿಕಂದ್ರಾಬಾದಿನ ಸಿಟಿಸಿ ಅಂತಾರಲ್ಲ, ಚಿನಾಯ್ ಟ್ರೇಡ್ ಸೆಂಟರ್, ಅಲ್ಲಿಂದ ಕಂಪನಿ ಲೀಸ್ ಮುಗದು ಬಂದ ಪ್ರಿಸಿಷನ್ ತಂದೀನಿ. ಬೆಂಗಳೂರಿಗಿಂತ ನಮಗ ಹೈದರಾಬಾದ್ ಹತ್ರ, ಮುಂಜಾನಿ ಹೋಗಿ ರಾತ್ರಿ ಬರಬಹುದು, ಮತ್ತ ಅಲ್ಲಿ ನಮ್ಮ ದಖನಿ ಮಾತು ನಡೀತದ. "ಭಾಯ್, ಢಕ್ಕನ್ ಖೋಲೋ" (ಮುಚ್ಚಳ ತೆಗಿ) ಅಂದೆ. "ಸೀಲ್ ಟೂಟ್ತಾ ಸಾಬ್" (ಸೀಲ್ ಒಡೀತದ ಸಾಹೇಬ್ರ) ಅಂದ ಅಂಗಡಿಯವ. ನೀವು ಮಾತ್ರ ಬಿಡಬ್ಯಾಡ್ರಿ, ಬಿಚ್ಚಿಸೇ ನೋಡ್ರಿ. ಇಂಥ ಮಷೀನಿನಾಗ ಎರಡು ಸ್ಲಾಟ್ ಕೆಳಗಿನ ಮುಚ್ಚಳದ ಕಡಿ, ಇನ್ನೆರಡು ಕೀಬೋರ್ಡಿನ ಬುಡಕ ಇರ್ತಾವ, ಅಂಗಡಿಯವ ತೋರಿಸೋದು ಕೆಳಗಿನವು. ಬ್ಯಾಟರಿ ಉಬ್ಬ್ಯಾದ ಏನು ಅಂತ ಟಚ್‌ಪ್ಯಾಡ್ ಒತ್ತಿ ನೋಡ್ರಿ, ಎದ್ದಿದ್ರ ಬ್ಯಾಡ. ಬಯೋಸಿಗಿ (ಮಷೀನ್ ಚಾಲೂ ಆಗೂವಾಗಿನ ಮೂಲ ಸೆಟ್ಟಿಂಗ್) ಪಾಸ್‌ವರ್ಡ್ ಇಲ್ಲ ಅಂತ ಒಳಗ ಹೋಗಿ ಖಾತ್ರಿ ಮಾಡ್ಕೋರಿ. ಇನ್ನೊಂದು ಭಾಳ ಮಂದಿಗಿ ಗೊತ್ತಿಲ್ಲ, ಅಂಗಡಿಯಾಗೇ ವಿಂಡೋಸ್ ರೀಸೆಟ್ ಮಾಡ್ಸಿ ನಿಮ್ಮ ಮೊಬೈಲ್ ಹಾಟ್‌ಸ್ಪಾಟಿಗಿ ಹಚ್ಚಿ ಸೆಟಪ್ ಮುಂದ ಒಯ್ರಿ, ಹಳಿ ಕಂಪನಿಯವ್ರು ತಮ್ಮ ಮಷೀನಿನ ಲಿಸ್ಟಿನಿಂದ ತೆಗದಿರ್ಲಿಲ್ಲಂದ್ರ ಅಲ್ಲೇ ಅವ್ರ ಲಾಗಿನ್ ಪೇಜ್ ಬಂದು ನಿಂದರ್ತದ, ನೆಟ್ ಇಲ್ಲದೇ ನೋಡಿದ್ರ ಅದು ಕಾಣಂಗೇ ಇಲ್ಲ.

ಮನೀಗಿ ತಂದ ಮ್ಯಾಲ ಮೊದ್ಲ ಜಗಳ ಪ್ಲಗ್ಗಿಂದು. ಅಡಾಪ್ಟರ್ 240 ವ್ಯಾಟಿಂದು, ಇಟ್ಟಂಗಿ ಅಷ್ಟದ, ನಂಗ ಕೊಟ್ಟ ಕೇಬಲ್ಲಿಗಿ ಗೀಜರಿಗಿ ಇರ್ತದಲ್ಲ ಆ ದಪ್ಪ ಪಿನ್ನು, 16 ಆಂಪಿಂದು. ಸೇಡಂದಾಗ ಲಾಡ್ಜಿನಾಗ ಇಳಕೊಂಡ್ರ ರೂಮಿನಾಗ ಅಂಥ ಸಾಕೆಟ್ ಒಂದೇ, ಅದಕ್ಕ ಏಸಿ ಹಾಕಿರ್ತಾರ. ಏಸಿ ತೆಗದು ಲ್ಯಾಪ್‌ಟಾಪ್ ಹಾಕಿದ್ರ ರೂಮ್ ಕಾದು ಲ್ಯಾಪ್‌ಟಾಪೇ ನಿಧಾನ ಆಗ್ತದ, ಹಾಕಿಲ್ಲಂದ್ರ ಓಡಂಗೇ ಇಲ್ಲ. ಲೆಕ್ಕಾ ಹಾಕಿದ್ರ 240 ವ್ಯಾಟ್ ಅಂದ್ರ 230 ವೋಲ್ಟಿನಾಗ ಒಂದು ಆಂಪಿನ ಮ್ಯಾಲ ಚೂರು, ಅಡಾಪ್ಟರ್ ತಾನು ತಿನ್ನೋದು ಹಿಡದ್ರೂ ಒಂದೂವರಿ ದಾಟಂಗಿಲ್ಲ. ಡೆಸ್ಕ್‌ಟಾಪಿನ ಹಿಂದ ಹಾಕ್ತೀವಲ್ಲ ಆ ಮಾಮೂಲಿ ಕೇಬಲ್, ಸಣ್ಣ ಪಿನ್ನಿಂದು, ಅರ್ಥಿಂಗ್ ಕಡ್ಡಿ ಇರೋದು, ಚಲೋ ಕಂಪನಿದು ಒಂದು ತಗೊಂಡು ಬ್ಯಾಗಿನಾಗ ಒಗದೀನಿ, ಮುಗೀತು.

ಲೈಟ್ ಹೋದಾಗಿನ ಕಥಿ ಬ್ಯಾರೆ. ಬ್ಯಾಟರಿ 95 ವ್ಯಾಟ್ ಅವರಿಂದು, ಎಲ್ಲಾ ಕಂಪನಿಯವ್ರೂ ಅಲ್ಲೇ ಸುತ್ತಮುತ್ತ ನಿಂದರ್ತಾರ, ಯಾಕಂದ್ರ 100ರ ಮ್ಯಾಲ ಇದ್ರ ವಿಮಾನದಾಗ ಒಯ್ಲಿಕ್ಕ ಏರ್‌ಲೈನ್ ಪರ್ಮಿಷನ್ ಬೇಕು. ಪೂರಾ ಜೋರಿನಾಗ ಮಷೀನ್ 200 ವ್ಯಾಟ್ ಎಳದ್ರ ಆ ಬ್ಯಾಟರಿ ಅರ್ಧ ತಾಸೂ ಬರಂಗಿಲ್ಲ, ಅದಕ್ಕ ಪಿನ್ ತೆಗದ ಕೂಡ್ಲೇ ಅದು ತಾನೇ ಪವರ್ ಕಡಿಮಿ ಮಾಡ್ಕೋತದ. ಅಂದ್ರ ಲೈಟ್ ಹೋದ್ರ ಕೆಲಸ ನಿಲ್ಲಂಗಿಲ್ಲ ಆದ್ರ ತೆವಳ್ತದ. ಮನ್ಯಾಗ ಇನ್ವರ್ಟರ್ ತಗೊಳ್ಳೂವಾಗ ಸೈನ್ ವೇವಿಂದೇ ತಗೋರಿ, ಸ್ಕ್ವೇರ್ ವೇವ್ ಅಗ್ಗ ಸಿಗ್ತದ ಅಂತ ತರಬ್ಯಾಡ್ರಿ. ನಾ ಅಂತೂ ದೊಡ್ಡ ಪ್ರೊಸೆಸಿಂಗ್ ರಾತ್ರಿ ಹತ್ತರ ಮ್ಯಾಲ ಹಚ್ತೀನಿ, ಗಾಳಿ ಜರಾ ತಣ್ಣಗಾಗಿರ್ತದ. ಕೂಲರ್ ಇರೋ ಖೋಲ್ಯಾಗ ಇಟ್ರ ಇನ್ನೂ ಚಲೋ, ಆದ್ರ ಕೂಲರಿನ ಬಾಯಿಗಿ ಎದುರ ಇಡಬ್ಯಾಡ್ರಿ, ನಮ್ಮ ಬೋರಿನ ನೀರು ಎಂಥದ್ದು ಅಂತ ಕೂಲರ್ ಪ್ಯಾಡ್ ನೋಡಿದ್ರ ಗೊತ್ತಾಗ್ತದ, ಬೆಳ್ಳಗ ಉಪ್ಪು ಕಟ್ಟಿರ್ತದ, ಆ ನೀರಿನ ಹನಿ ಮಷೀನಿನೊಳಗ ಹೋಗಬಾರ್ದು. ಹಗಲು ಮೇ ತಿಂಗಳದಾಗ ಓಡಸ್ಲೇಬೇಕಂದ್ರ ವಿಂಡೋಸ್ ಪವರ್ ಪ್ಲಾನಿನಾಗ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 99 ಮಾಡ್ರಿ, ಟರ್ಬೋ (ಪ್ರೊಸೆಸರ್ ತಾನೇ ಸ್ಪೀಡ್ ಏರಿಸ್ಕೊಳ್ಳೋದು) ಬಂದ್ ಆಗ್ತದ, ಫ್ಯಾನ್ ಒದರೋದು ಕಮ್ಮಿ ಆಗ್ತದ, ಟೈಮ್ ಜಾಸ್ತಿ ಹಿಡೀತದ ಆದ್ರ ಮಷೀನ್ ಏರಿ ಇಳಿಯೋ ಗದ್ದಲ ಇರಂಗಿಲ್ಲ. ದಿನಾ ಪಿನ್ ಹಚ್ಚೇ ಬಾಳಸ್ತಿದ್ರ ಚಾರ್ಜ್ 80ಕ್ಕ ನಿಲ್ಲೋ ಹಂಗ ಸೆಟ್ಟಿಂಗ್ ಮಾಡ್ರಿ, ತುಂಬಿದ ಬ್ಯಾಟರಿ ಮತ್ತ ಕಾವು ಎರಡೂ ಕೂಡಿದ್ರ ಉಬ್ಬೋದು ಜಲ್ದಿ.

ಸುಣ್ಣದ ಕಲ್ಲಿನ ಪುಡಿ ಬಗ್ಗಿ ಎಷ್ಟು ಹೇಳಿದ್ರೂ ಕಮ್ಮಿ. ಖಣಿ ಆಫೀಸಿನಾಗ ಟೇಬಲ್ ಒರಸಿ ಲ್ಯಾಪ್‌ಟಾಪ್ ಇಟ್ಟು ಒಂದು ಡಂಪರ್ ಹೋಗೋದರೊಳಗ ಸ್ಕ್ರೀನಿನ ಅಂಚಿಗಿ ಬೆಳ್ಳಗ ಗೆರಿ ಕುಂತಿರ್ತದ. ಬಿಚ್ಚಿ ನೋಡಿದ್ರ ಫ್ಯಾನಿಗೂ ಹೀಟ್‌ಸಿಂಕಿನ ಹಲ್ಲಿಗೂ ನಡುವ ಧೂಳ ಕೂಡಿ ಕೌದಿ ತುಂಡಿನಂಗ ಒಂದು ಪಟ್ಟಿ ಆಗಿರ್ತದ, ಹೊರಗಿಂದ ಬ್ಲೋವರ್ ಊದಿದ್ರ ಅದು ಬರಂಗಿಲ್ಲ, ಮುಚ್ಚಳ ತೆಗದು ಚಿಮಟಿಲೆ ಹಿಡದು ಎಳೀಬೇಕು, ಊದೂವಾಗ ಫ್ಯಾನಿನ ರೆಕ್ಕಿ ಬೆರಳಿನಿಂದ ಹಿಡಕೋರಿ, ಗಿರಗಿರ ತಿರುಗಿಸಬ್ಯಾಡ್ರಿ. ಈ ದೊಡ್ಡ ಮಷೀನುಗಳ ಸರ್ವಿಸ್ ಮ್ಯಾನುವಲ್ ಕಂಪನಿಯವ್ರೇ ನೆಟ್ಟಿನಾಗ ಇಡ್ತಾರ, ಯಾವ ಸ್ಕ್ರೂ ಎಲ್ಲಿ ಅಂತ ಚಿತ್ರ ಸಹಿತ, ಅದೊಂದು ದೊಡ್ಡ ಉಪಕಾರ. ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವ ಹಚ್ಚಿರೋ ಹಳಿ ಪೇಸ್ಟ್ ತೆಗದು ಹನಿವೆಲ್ ಪಿಟಿಎಂ7950 ಪ್ಯಾಡ್ ಹಾಕೀನಿ. ಅದು 45 ಡಿಗ್ರಿ ಸುತ್ತ ಮೆತ್ತಗಾಗಿ ಚಿಪ್ಪಿನ ಮ್ಯಾಲ ಹರಡೋ ಪ್ಯಾಡ್, ನಮ್ಮೂರಿಗಿ ಏಪ್ರಿಲ್‌ದಾಗ ಕೊರಿಯರ್ ಬರೋದರೊಳಗೇ ಪಾಕೀಟಿನಾಗ ಮೆತ್ತಗಾಗಿತ್ತು. ಫ್ರಿಜ್ಜಿನಾಗ ಮೊಸರಿನ ಬಾಜೂಕ ಇಟ್ಟು ಗಟ್ಟಿ ಮಾಡಿ ಆಮ್ಯಾಲ ಹಾಳಿ ಸುಲೀಬೇಕಾತು, ನಮ್ಮ ಅವ್ವ "ಅದೇನು ತಿನ್ನೋದೇನೋ" ಅಂತ ಕೇಳಿದಳು.

ವಾರಂಟಿ ಬಗ್ಗಿ ಒಂದೇ ಮಾತು. ಗೆಳೆಯನೊಬ್ಬ ಹೊಸಾದು ತಗೊಂಡಿದ್ದ, ಮರುದಿನಾನೇ ಮನೀಗಿ ಬಂದು ರಿಪೇರಿ ಅಂತ ಕಾಗದದಾಗ ಇತ್ತು, ಕಂಪನಿ ಹೆಸರು ಬ್ಯಾಡ, ಇಂಜಿನಿಯರ್ ಬರೋದು ಬ್ಯಾರೆ ಊರಿಂದ, ಪಾರ್ಟ್ ಬರೋದು ಇನ್ನೊಂದು ಊರಿಂದ, ಎರಡೂ ಒಂದೇ ದಿನ ಕಲಬುರಗಿಗಿ ಮುಟ್ಟೋದು ನಸೀಬ. ತಗೊಳ್ಳೋಕಿಂತ ಮೊದ್ಲ ನಿಮ್ಮ ಪಿನ್ ಕೋಡ್ ಹೇಳಿ, ಇಂಜಿನಿಯರ್ ಎಲ್ಲಿಂದ ಬರ್ತಾನ ಅಂತ ಬರಹದಾಗ ಕೇಳ್ಕೋರಿ.

ಈಗಿನ ಹೊಸ ಮಾಡೆಲ್ ತಗೊಳ್ಳೋರು ರ‍್ಯಾಮ್ ಬೋರ್ಡಿಗೇ ಬೆಸದಾರ ಏನು ಅನ್ನೋದು ಮೊದ್ಲ ನೋಡ್ರಿ, ತೆಳ್ಳಗಿನವುಗಳೊಳಗ ಅದು ಹೆಚ್ಚು. ಡೆಲ್‌ನವ್ರು 2022ರಾಗ ಕ್ಯಾಮ್ (CAMM) ಅಂತ ಬ್ಯಾರೆ ನಮೂನಿ ರ‍್ಯಾಮ್ ತಂದಾರ, ಅಂಥದ್ದು ಇದ್ರ ಕಲಬುರಗಿಯ ಸುಪರ್ ಮಾರ್ಕೆಟ್ ಏರಿಯಾ ಕಡಿ ಅಂಗಡಿಯಾಗ ಮಾಮೂಲಿ ರ‍್ಯಾಮ್ ಕಡ್ಡಿ ತಂದು ಹಾಕ್ಲಿಕ್ಕ ಬರಂಗಿಲ್ಲ. 2025ರಿಂದ ಪ್ರಿಸಿಷನ್ ಅನ್ನೋ ಹೆಸರೂ ತೆಗದು ಡೆಲ್ ಪ್ರೊ ಮ್ಯಾಕ್ಸ್ ಅಂತ ಮಾಡ್ಯಾರ, ಹುಡುಕೂವಾಗ ಎರಡೂ ಹೆಸರು ಹಾಕಿ ಹುಡುಕ್ರಿ.

ಕೆಲಸ ತಿಂಗಳಿಗಿ ಒಂದೆರಡೇ ಇದ್ದೋರು ಇಷ್ಟೆಲ್ಲಾ ರೊಕ್ಕ ಹಾಕಬ್ಯಾಡ್ರಿ. ಯಾದಗಿರಿ ಹುಡುಗನೊಬ್ಬ ಮನ್ಯಾಗ ಡೆಸ್ಕ್‌ಟಾಪ್ ಜೋಡ್ಸ್ಯಾನ, ಖಣಿಗಿ ಹಳಿ ಲ್ಯಾಪ್‌ಟಾಪ್ ಒಯ್ದು ಫೋಟೋ ಲೋ ಕ್ವಾಲಿಟಿನಾಗ ಅಲೈನ್ ಮಾಡಿ ತೂತು ಅದ ಏನು ಅಂತ ಅಷ್ಟೇ ನೋಡ್ತಾನ, ಉಳದದ್ದು ಮನ್ಯಾಗ. ಅವನ ಡೆಸ್ಕ್‌ಟಾಪ್ ಮೇ ತಿಂಗಳದಾಗ ನನ್ನ ಪ್ರಿಸಿಷನ್ನಿಗಿಂತ ಮೊದ್ಲ ಮುಗಸ್ತದ, ಅದಂತೂ ಖರೇ. ನಂದು ಕೀಬೋರ್ಡ್ ಬುಡಕಿನ ಎರಡು ಸ್ಲಾಟ್ ಇನ್ನೂ ಖಾಲಿ ಅವ, ಯಾರ ಹತ್ರಾರ 32 ಜಿಬಿದು ಡಿಡಿಆರ್4 ಲ್ಯಾಪ್‌ಟಾಪ್ ಕಡ್ಡಿ ಜೋಡಿ ಮಾರೋದಿದ್ರ ರೇಟ್ ಹೇಳ್ರಿ.