ಗೋರ್‌ನಲ್ಲಿ ಅಷ್ಟಮಿ: ಅರ್ಘ್ಯಕ್ಕೆ ಯಾವ ಊರಿನ ಚಂದ್ರ?

ಉಡುಪಿ ಜಿಲ್ಲೆಯ ಹೆಬ್ರಿಯ ಮನೆಯಲ್ಲಿ ಕೃಷ್ಣಾಷ್ಟಮಿಯೆಂದರೆ ಹಗಲಿಡೀ ಉಪವಾಸ, ನಡುರಾತ್ರಿಯ ಆಚೀಚೆ ಚಂದ್ರ ಮೂಡುತ್ತಲೇ ಅರ್ಘ್ಯ, ಬೆಳಗಾದರೆ ಮೂಡೆ, ಅಂದರೆ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಇಡ್ಲಿ. ಮಧ್ಯಾಹ್ನಕ್ಕೆ ಉಡುಪಿಯ ರಥಬೀದಿಯಲ್ಲಿ ಮೊಸರು ಕುಡಿಕೆಯ ಉತ್ಸವ ವಿಟ್ಲಪಿಂಡಿ. ಅದೇ ಮನೆಯ ಮಕ್ಕಳು ನ್ಯೂಜಿಲೆಂಡಿನ ದಕ್ಷಿಣ ತುದಿಯ ಗೋರ್‌ನಂಥ ಸಣ್ಣ ಪೇಟೆಯಲ್ಲಿದ್ದರೆ ಎಲ್ಲಕ್ಕಿಂತ ಮೊದಲು ಗಂಟೆಯ ಲೆಕ್ಕ ಸರಿಯಾಗಬೇಕು.

ಅಷ್ಟಮಿಯ ಕಾಲಕ್ಕೆ ಗೋರ್ ನಮಗಿಂತ ಆರೂವರೆ ಗಂಟೆ ಮುಂದೆ. ಸೆಪ್ಟೆಂಬರಿನ ಕೊನೆಯ ಭಾನುವಾರದಿಂದ ಏಪ್ರಿಲ್‌ನ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವುದರಿಂದ ಅಂತರ ಏಳೂವರೆ. ಹಾಗಾಗಿ ದೀಪಾವಳಿಗೆ ಬರೆದಿಟ್ಟ ಲೆಕ್ಕ ಅಷ್ಟಮಿಗೆ ನಡೆಯದು.

ಊರಿನ ನಡುರಾತ್ರಿ 12 ಎಂದರೆ ಗೋರ್‌ನಲ್ಲಿ ಬೆಳಗ್ಗೆ 6:30. ಚಂದ್ರ ಮೂಡಿ ನಾಲ್ಕು ತಾಸು ಕಳೆದಿರುತ್ತದೆ. ಅಲ್ಲಿನದೇ ರಾತ್ರಿ 12ಕ್ಕೆ ನೋಡಿದರೆ ಚಂದ್ರ ಇನ್ನೂ ಬಂದೇ ಇರುವುದಿಲ್ಲ. ಬರುವುದು ಸುಮಾರು 2 ಗಂಟೆಗೆ. ರೋಹಿಣಿ ನಕ್ಷತ್ರದ ಹತ್ತಿರವಿರುವ ಅಷ್ಟಮಿಯ ಚಂದ್ರ ಆಕಾಶದಲ್ಲಿ ಬಡಗಣಕ್ಕೆ ಸರಿದಿರುತ್ತಾನೆ, ಜೂನ್ ತಿಂಗಳ ಸೂರ್ಯನ ಹಾಗೆ. ಜೂನ್‌ನಲ್ಲಿ ಗೋರ್‌ಗೆ ಚಳಿಗಾಲ, ಹಗಲು ಗಿಡ್ಡ, ಸೂರ್ಯ ತಡವಾಗಿ ಹುಟ್ಟುತ್ತಾನೆ. ಅದೇ ದಾರಿ ಹಿಡಿದ ಚಂದ್ರನೂ ತಡವಾಗಿ ಮೂಡಿ, ಉತ್ತರದ ಕಡೆ ತಗ್ಗಿನಲ್ಲೇ ಸಾಗುತ್ತಾನೆ. ಆದ್ದರಿಂದ ಅರ್ಘ್ಯಕ್ಕೆ ಈಶಾನ್ಯಕ್ಕೆ ತೆರೆದ ಜಾಗ ಬೇಕು. ಗುಡ್ಡ ಅಡ್ಡವಿದ್ದರೆ ಕಣ್ಣಿಗೆ ಬೀಳಲು ಇನ್ನಷ್ಟು ಹೊತ್ತು.

ಚಂದ್ರೋದಯವನ್ನು ಗೋರ್ ಹೆಸರಿನಲ್ಲೇ ಹುಡುಕಬೇಕು, ಆಕ್ಲೆಂಡಿನಲ್ಲಿ ಅದು ಸುಮಾರು ಮುಕ್ಕಾಲು ಗಂಟೆ ಮೊದಲು. ಇನ್ನೊಂದು ಜಾರುವ ಜಾಗ ತಾರೀಕು: ಸೋಮವಾರ ಉಪವಾಸವಿದ್ದರೆ ರಾತ್ರಿ 2ರ ಚಂದ್ರೋದಯ ಪಟ್ಟಿಯ ಮಂಗಳವಾರದ ಸಾಲಿನಲ್ಲಿರುತ್ತದೆ. ಸೋಮವಾರದ ಸಾಲು ನೋಡಿದರೆ ಹಿಂದಿನ ರಾತ್ರಿಯ ಸಮಯ ಸಿಗುತ್ತದೆ.

ಇನ್ನು ಪಂಚಾಂಗ. ಚಂದ್ರೋದಯ ಊರೂರಿಗೆ ಬೇರೆ, ತಿಥಿ ಬದಲಾಗುವ ಕ್ಷಣ ಲೋಕಕ್ಕೆಲ್ಲ ಒಂದೇ. ಊರಿಂದ ತಂದ ಪಂಚಾಂಗದ ಗಳಿಗೆಗಳು ಆ ಪಂಚಾಂಗದ ಊರಿನ ಸೂರ್ಯೋದಯದಿಂದ ಎಣಿಸಿದವು. ಅದಕ್ಕೆ ಗೋರ್‌ನ ಸೂರ್ಯೋದಯ ಸೇರಿಸಿದರೆ ಎಲ್ಲವೂ ತಪ್ಪು. ಸಪ್ತಮಿ 36 ಗಳಿಗೆ 30 ವಿಗಳಿಗೆ ಎಂದಿದೆ ಎನ್ನಿ. ಗಳಿಗೆಗೆ 24 ನಿಮಿಷ, ವಿಗಳಿಗೆಗೆ 24 ಸೆಕೆಂಡಿನಂತೆ 14 ಗಂಟೆ 36 ನಿಮಿಷ. ಊರಿನ ಸೂರ್ಯೋದಯ 6:20 ಆದರೆ ಸಪ್ತಮಿ ಮುಗಿಯುವುದು ರಾತ್ರಿ 8:56ಕ್ಕೆ, ಗೋರ್‌ನಲ್ಲಿ ನಸುಕಿನ 3:26ಕ್ಕೆ. ಅಂದರೆ ಹೆಬ್ರಿಯ ಚಂದ್ರೋದಯಕ್ಕೆ ಅಷ್ಟಮಿ, ಗೋರ್‌ನ ಚಂದ್ರೋದಯಕ್ಕೆ ಇನ್ನೂ ಸಪ್ತಮಿ. ಆಗ ಮರುರಾತ್ರಿಯ ಚಂದ್ರೋದಯಕ್ಕೆ ಅಷ್ಟಮಿ ಉಳಿದಿದೆಯೇ ನೋಡಿ, ಮನೆಯ ಹಿರಿಯರನ್ನೊಮ್ಮೆ ಕೇಳಿ ದಿನ ಹಿಡಿಯುವುದು ಒಳ್ಳೆಯದು. ಉಡುಪಿಯ ಮಠಗಳು ಸೌರಮಾನದವು ಎಂಬುದೂ ನೆನಪಿರಲಿ: 2025ರಲ್ಲಿ ಚಾಂದ್ರಮಾನದವರ ಅಷ್ಟಮಿ ಆಗಸ್ಟ್ ನಡುವೆ ಮುಗಿದಿತ್ತು, ಉಡುಪಿಯದು ಸೆಪ್ಟೆಂಬರ್ 14ಕ್ಕೆ.

ಅರ್ಘ್ಯಕ್ಕೆ ಹಾಲು, ನೀರು, ಎಳ್ಳು ಅಲ್ಲೇ ಸಿಗುತ್ತವೆ. ಊರಿಂದ ಬಿಲ್ವಪತ್ರೆ, ಮೂಡೆಯ ಎಲೆ ಪೆಟ್ಟಿಗೆಯಲ್ಲಿಟ್ಟು ಕಳಿಸಬೇಡಿ. ನ್ಯೂಜಿಲೆಂಡಿನ ಗಡಿಯಲ್ಲಿ ಹಸಿ ಎಲೆಗೆ ಪ್ರವೇಶವಿಲ್ಲ, ಹೇಳದೆ ಒಯ್ದರೆ 400 ಡಾಲರ್ ದಂಡ.

ಮೂಡೆ ಅಲ್ಲಿ ಕೆಡುವುದು ಚಳಿಯಿಂದ. ಒಂದು ಕಪ್ ಉದ್ದಿನ ಬೇಳೆಯನ್ನು ಉಪವಾಸದ ದಿನ ಬೆಳಗ್ಗೆ 10ಕ್ಕೆ ಉಗುರುಬೆಚ್ಚನೆಯ ನೀರಲ್ಲಿ ನೆನೆಹಾಕಿ, 3ಕ್ಕೆ ಉಬ್ಬುವಂತೆ ನುಣ್ಣಗೆ ರುಬ್ಬಿ. ತೊಳೆದು ಹಿಂಡಿದ ಎರಡು ಕಪ್ ಅಕ್ಕಿ ತರಿ, ಉಪ್ಪು ಸೇರಿಸಿ ಕೈಯಲ್ಲೇ ಕಲಸಿ. ಊರಲ್ಲಿ ಎಂಟು ಗಂಟೆಯಲ್ಲಿ ಹುದುಗುವ ಹಿಟ್ಟಿಗೆ ಅಲ್ಲಿ ಹದಿನಾರು ಗಂಟೆ ಕೊಡಿ. ಆಫ್ ಮಾಡಿದ ಓವನ್‌ನೊಳಗಿಟ್ಟು ಅದರ ಒಳದೀಪ ಮಾತ್ರ ಹಚ್ಚಿಟ್ಟರೆ ಸಾಕು. ಆದರೆ ಎಲ್‌ಇಡಿ ದೀಪ ಬಿಸಿಯಾಗದು, ಅಂಥ ಓವನ್ ಆದರೆ ಕೆಳಗೆ ಕುದಿನೀರಿನ ಪಾತ್ರೆಯಿಟ್ಟು ನಾಲ್ಕು ಗಂಟೆಗೊಮ್ಮೆ ಬದಲಿಸಿ. ರಾತ್ರಿ 2ಕ್ಕೆ ಅರ್ಘ್ಯಕ್ಕೆ ಎದ್ದಾಗ ಒಮ್ಮೆ ಬದಲಿಸಿದಂತೆಯೂ ಆಗುತ್ತದೆ. ಆಗ ಹೆಬ್ರಿಯಲ್ಲಿ ಸಂಜೆ 7:30. ದೇವರ ದೀಪ ಹಚ್ಚಿ ಕೂತ ಅಜ್ಜಿ ಫೋನಿನಲ್ಲೇ ಮಂತ್ರ ಹೇಳಿಕೊಡಬಹುದು.

ಬೆಳಗ್ಗೆ 7ಕ್ಕೆ ಎಲೆಯ ಬದಲು ಎತ್ತರದ ಸ್ಟೀಲ್ ಲೋಟಗಳಿಗೆ ಎಣ್ಣೆ ಸವರಿ, ಮುಕ್ಕಾಲಿಗಿಂತ ಕಡಿಮೆ ಹಿಟ್ಟು ಹೊಯ್ದು 40 ನಿಮಿಷ ಹಬೆಯಲ್ಲಿ ಬೇಯಿಸಿ. ಇಳಿಸಿದ ಕೂಡಲೇ ಕವುಚಿದರೆ ನಡು ಮುರಿಯುತ್ತದೆ. ಹತ್ತು ನಿಮಿಷ ಆರಲು ಬಿಟ್ಟು, ಒದ್ದೆ ಮಾಡಿದ ಚಾಕುವನ್ನು ಅಂಚಿನ ಸುತ್ತ ಆಡಿಸಿ ತೆಗೆಯಿರಿ.