ತೊಡೆಗೂ ಟಿಕೆಟ್ಟು

ಮಗಳಿಗೆ ಈಗ 22 ತಿಂಗಳು. ತಂಗಿಯ ಬಾಣಂತನಕ್ಕೆ ಫ್ರಾಂಕ್‌ಫರ್ಟ್‌ಗೆ ಹೊರಟಿರುವ ಅಮ್ಮನ ಜೊತೆ ನಾವೂ ಹೊರಟಿದ್ದೇವೆ.

"ಕೂಸಿಗೆ ಯಾಕೆ ಟಿಕೆಟ್ಟು? ತೊಡೆ ಮೇಲೆ ಕೂರಿಸಿಕೊಂಡರಾಯ್ತು" ಎಂದರು ಅಮ್ಮ. ಅದು ಬಸ್ಸಿನ ಲೆಕ್ಕ. ವಿಮಾನದಲ್ಲಿ ತೊಡೆಗೂ ಬಾಡಿಗೆ ಇದೆ. ಹೊರದೇಶಕ್ಕೆ ಹೋಗುವಾಗ ಎರಡು ವರ್ಷದೊಳಗಿನ ಮಗುವಿಗೆ ಸಾಮಾನ್ಯವಾಗಿ ದೊಡ್ಡವರ ದರದ ಶೇ 10ರಷ್ಟು, ಅದರ ಮೇಲೆ ತೆರಿಗೆ. ಸೀಟು ಮಾತ್ರ ಇಲ್ಲ!

ಇರಲಿ ಅಂದುಕೊಂಡು ತಾರೀಕು ನೋಡಿದೆ. ನಾವು ವಾಪಸ್ ಬರುವುದು ಅವಳ ಎರಡನೇ ಹುಟ್ಟುಹಬ್ಬ ಕಳೆದ ನಾಲ್ಕನೇ ದಿನ. ಎರಡು ತುಂಬಿದರೆ ಸ್ವಂತ ಸೀಟು ಬೇಕೇ ಬೇಕು. ಅದರ ದರ ದೊಡ್ಡವರದಕ್ಕಿಂತ ಸ್ವಲ್ಪ ಕಮ್ಮಿ, ಕೆಲವೊಮ್ಮೆ ಅಷ್ಟೇ. ನಾಲ್ಕು ದಿನಕ್ಕೆ ಎಷ್ಟೊಂದು ಸಾವಿರ! ಮುಂಚೆಯೇ ಬಂದುಬಿಡೋಣ ಅಂದರೆ ನಾಮಕರಣ ತಪ್ಪುತ್ತದೆ, ತಂಗಿ ಜನ್ಮವಿಡೀ ಆಡಿಕೊಳ್ಳುತ್ತಾಳೆ.

ಹೋಗುವಾಗಲಾದರೂ ಮುಂದಿನ ಗೋಡೆಗೆ ಸಿಕ್ಕಿಸುವ ತೊಟ್ಟಿಲು ಸಿಗುತ್ತದಾ ಎಂದು ಕೇಳಿದೆ. ಅದಕ್ಕೆ ತೂಕದ ಮಿತಿ ಇದೆಯಂತೆ. ನಮ್ಮವಳು ರಾಗಿ ಸರಿ ತಿಂದು 12 ಕೆ.ಜಿ. ಆಗಿದ್ದಾಳೆ, ಅದರಲ್ಲಿ ಹಿಡಿಯಲ್ಲ. ಒಂಬತ್ತು ಚಿಲ್ಲರೆ ಗಂಟೆ ನನ್ನ ತೊಡೆಯೇ ಗತಿ.

ಬೇಗ ದೊಡ್ಡವಳಾಗು ಅಂತ ದಿನಾ ತುತ್ತು ತುರುಕುವವಳು ನಾನು. ನಾಲ್ಕೇ ನಾಲ್ಕು ದಿನ ನಿಧಾನಕ್ಕೆ ಬೆಳೆಯೇ ಅಂತ ಅನಿಸಿದ್ದು ಇದೇ ಮೊದಲು.

ಅವಳು ಈಗ ಸೂಟ್‌ಕೇಸ್ ಮೇಲೆ ಕೂತು ಬಸ್ಸು ಬಿಡುತ್ತಿದ್ದಾಳೆ. ನನ್ನ ಹತ್ತಿರ ಬಂದು "ಟಿಕೆಟ್" ಅಂದಳು. ಚಿಲ್ಲರೆ ಇಲ್ಲ ಕಣೇ ಅಂದೆ.