ಕತ್ತಿ ಜಾರಿದ ಆದಿತ್ಯವಾರ

ಆಟಿ ತಿಂಗಳ ಒಂದು ಆದಿತ್ಯವಾರ ಮಂಗಳೂರಿನ ಉರ್ವದಲ್ಲಿರುವ ಅಕ್ಕನ ಮನೆಯ ಚಾವಡಿಯಲ್ಲಿ ನಾನು ಒಂದು ಗಂಟೆಗೂ ಹೆಚ್ಚು ಹೊತ್ತು ಕಲ್ಲಾಗಿ ಕುಳಿತಿದ್ದೆ. ಕಲ್ಲಾದವನು ಆಟದಲ್ಲಿನ ನನ್ನ ಪಾತ್ರ, ಒಬ್ಬ ಯೋಧ. ನಾನು ಗೋಳಿಬಜೆ ತಿನ್ನುತ್ತಿದ್ದೆ. ಉಪಯೋಗದ ದೃಷ್ಟಿಯಿಂದ ನಮ್ಮಿಬ್ಬರಲ್ಲಿ ಭೇದವೇನೂ ಇರಲಿಲ್ಲ.

ಅಕ್ಕನ ಮಗನ ಆಟದ ಗುಂಪಿನಲ್ಲಿ ಒಬ್ಬನಿಗೆ ಜ್ವರ ಬಂದಿತ್ತು. "ಮಾವ, ತಾಳಮದ್ದಳೆಯಲ್ಲಿ ಅರ್ಥ ಹೇಳುವವರಿಗೆ ಇದೇನು ಮಹಾ?" ಎಂದು ನನ್ನನ್ನು ಉಬ್ಬಿಸಿ ಕೂರಿಸಿದ. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂಬ ಈ ಆಟವನ್ನು 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದರು. ಡಂಜನ್ ಮಾಸ್ಟರ್ (ಇಲ್ಲಿ ನನ್ನ ಅಳಿಯನೇ) ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಮಾತನಾಡುತ್ತಾರೆ, ಏಟು ತಾಗಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ ನಮ್ಮ ತಾಳಮದ್ದಳೆ; ಅದರಂತೆ ಹಾಡಿ ನಡೆಸುವ ಭಾಗವತ, ಪ್ರಸಂಗ, ಪಾತ್ರವಾಗಿ ಮಾತಾಡುವ ಅರ್ಥಧಾರಿ ಎಲ್ಲವೂ ಇಲ್ಲಿದ್ದವು. ದಾಳವೊಂದೇ ನನಗೆ ಹೊಸದು.

ಮೊದಲ ಅರ್ಧ ಗಂಟೆ ಹೋದದ್ದು ತೂಕದ ಲೆಕ್ಕಕ್ಕೆ. ಪಂಜು ಒಂದು ಪೌಂಡು, ಐವತ್ತಡಿ ಹಗ್ಗ ಹತ್ತು ಪೌಂಡು, ಐವತ್ತು ನಾಣ್ಯಕ್ಕೆ ಒಂದು ಪೌಂಡು. ಮೂವತ್ತು ವರ್ಷ ಬ್ಯಾಂಕಿನಲ್ಲಿ ದುಡಿದ ನನಗೆ ಆದಿತ್ಯವಾರವೂ ಚಿಲ್ಲರೆ ಎಣಿಸುವ ಭಾಗ್ಯ. ಇಷ್ಟೆಲ್ಲ ಮಾಡಿ ತಿಳಿದದ್ದೇನು? ಶಕ್ತಿಯ ಅಂಕವನ್ನು ಹದಿನೈದರಿಂದ ಗುಣಿಸಿದಷ್ಟು ಪೌಂಡು ಹೊರಬಹುದಂತೆ. ನನ್ನ ಯೋಧನ ಶಕ್ತಿ 16. ಅಂದರೆ 240 ಪೌಂಡು, ಸುಮಾರು 109 ಕಿಲೋ. ಐವತ್ತು ಕಿಲೋದ ಎರಡು ಅಕ್ಕಿ ಮೂಟೆ ಹೊತ್ತು, ಮೇಲೊಂದು ಸಣ್ಣ ತೆಂಗಿನಕಾಯಿ ಚೀಲವನ್ನೂ ಇಟ್ಟುಕೊಂಡು, ವೇಗ ಒಂದಿಷ್ಟೂ ತಗ್ಗದೆ ನಡೆಯುತ್ತಾನೆ. ಹಾಗಿದ್ದರೆ ಪಂಜು ಎಣಿಸಿದ್ದು ಯಾವ ಪುರುಷಾರ್ಥಕ್ಕೆ? ತೂಕ ಹೆಚ್ಚಿದಂತೆ ನಡಿಗೆ ನಿಧಾನವಾಗುವ ಇನ್ನೊಂದು ನಿಯಮವೂ ಪುಸ್ತಕದಲ್ಲಿದೆ ಎಂದು ಅಳಿಯ ಪುಟ ತಿರುವಿದ. ಬೇಡ ಮಾರಾಯ ಎಂದೆ.

ಇಷ್ಟಾದರೂ ತೂಕದ ಕಿರಿಕಿರಿ ಸೊಳ್ಳೆ ಕಡಿದಂತೆ, ಕೆರೆದುಕೊಂಡರೆ ಮುಗಿಯಿತು. ನಿಜವಾಗಿ ಸಿಟ್ಟು ಬಂದದ್ದು ಪಾಳುಗುಡಿಯ ಬಾವಿಕಟ್ಟೆಯ ಬಳಿ ಗಾಬ್ಲಿನ್ ಎಂಬ ಕುಳ್ಳ ರಕ್ಕಸರು ಎದುರಾದಾಗ. ದಾಳ ಉರುಳಿಸಿದೆ, ಒಂದು ಬಿತ್ತು. ಅಳಿಯ ಹಿಗ್ಗಿ ಸಾರಿದ: "ಮಾವ, ನಿಮ್ಮ ಕತ್ತಿ ಜಾರಿ ಬಾವಿಗೆ ಬಿತ್ತು!"

ಒಂದು ಬಿದ್ದರೆ ಏಟು ತಪ್ಪುತ್ತದೆ, ಪುಸ್ತಕ ಹೇಳುವುದು ಅಷ್ಟೇ. ಕತ್ತಿ ಜಾರಿಸುವುದು ಅವನ ಮನೆಯ ಕಾನೂನು. ನಾನು ಲೆಕ್ಕ ಹಾಕಿದೆ. ಆಟದ ಒಂದು ಸುತ್ತೆಂದರೆ ಆರು ಸೆಕೆಂಡು. ಐದನೆಯ ಹಂತ ಮುಟ್ಟಿದ ಯೋಧನಿಗೆ ಒಂದು ಸುತ್ತಿನಲ್ಲಿ ಎರಡು ಏಟು, ನಿಮಿಷಕ್ಕೆ ಇಪ್ಪತ್ತು. ಇಪ್ಪತ್ತರಲ್ಲಿ ಒಂದು ಸಲ ಒಂದು ಬೀಳುವುದು ಸರಾಸರಿ. ಅಂದರೆ ಊರಿಗೇ ಹೆಸರಾದ ಕತ್ತಿವೀರ ನಿಮಿಷಕ್ಕೊಮ್ಮೆ ಕತ್ತಿ ಬೀಳಿಸುತ್ತಾನೆ. ಒಂದೇ ಏಟು ಹೊಡೆಯಬಲ್ಲ ಹೊಸಬ ಎರಡು ನಿಮಿಷಕ್ಕೊಮ್ಮೆ. ಪಳಗಿದಷ್ಟೂ ಕೈ ಜಾರುವ ವಿದ್ಯೆ ಇದು! ಬೆಂಕಿಯುಂಡೆ ಎಸೆಯುವ ಮಂತ್ರವಾದಿಗಾದರೋ ಈ ಭಯವೇ ಇಲ್ಲ. ಅವನ ಮಂತ್ರಕ್ಕೆ ದಾಳ ಉರುಳಿಸಿ ತಪ್ಪಿಸಿಕೊಳ್ಳಬೇಕಾದವರು ಎದುರಾಳಿಗಳು.

ನನ್ನ ದನಿ ಏರಿದ್ದಿರಬೇಕು. "ಜಗಳ ಮಾಡುವುದಾದರೆ ಆಟ ಮಡಚಿಡಿ" ಎಂದು ಅಮ್ಮ ಒಳಗಿನಿಂದ ಗದರಿದರು. ಅವರ ಭಯಕ್ಕೆ ಕಾರಣವಿತ್ತು. ತುಳುವಿನ ಹಾಡುಗಥೆಯಾದ ಸಿರಿ ಪಾಡ್ದನದಲ್ಲಿ ಅವಳಿ ಅಕ್ಕತಂಗಿಯರಾದ ಅಬ್ಬಗ ದಾರಗರು ಕಾಯಿ ಹಾಕಿ ಆಡುವ ಚೆನ್ನೆಮಣೆಯ ಆಟದಲ್ಲಿ ಜಗಳವಾಡಿಯೇ ಪ್ರಾಣ ಕಳೆದುಕೊಂಡದ್ದು.

ಆಮೇಲೆ ಬಂದ ಶತ್ರು ಪುರೋಹಿತ ಹೋಲ್ಡ್ ಪರ್ಸನ್ ಮಂತ್ರ ಹಾಕಿ ನನ್ನನ್ನು ನಿಂತಲ್ಲೇ ನಿಲ್ಲಿಸಿದ. ಪ್ರತಿ ಸುತ್ತಿನಲ್ಲಿ ಒಮ್ಮೆ ದಾಳ ಉರುಳಿಸಿ 13 ಅಥವಾ ಅದಕ್ಕಿಂತ ಹೆಚ್ಚು ಬೀಳಿಸಬೇಕು, ಇಲ್ಲವಾದರೆ ಕಲ್ಲೇ ಗತಿ. ಐದು ಆಟಗಾರರು ಯೋಚಿಸಿ, ಚರ್ಚಿಸಿ, ಪುಟ ತಿರುವಿ ಒಂದು ಸುತ್ತು ಮುಗಿಸಲು ಕಾಲು ಗಂಟೆ. ನನಗೆ ಬಿದ್ದದ್ದು 4, 11, 7, 2, 9. ಸತತ ಐದು ಸಲ ಹೀಗಾಗುವ ಸಂಭವ ನೂರಕ್ಕೆ ಎಂಟು ಎಂದು ಕೂತಲ್ಲೇ ಲೆಕ್ಕ ಹಾಕಿದೆ. ಬೇರೆ ಕೆಲಸವಿರಲಿಲ್ಲವಲ್ಲ. ಕರೆಂಟೂ ಹೋಯಿತು.

ಪಾತ್ರ ಸಾಯಲಿ, ಸೋಲಲಿ, ಕೈದಿಯಾಗಲಿ, ನನ್ನ ತಕರಾರಿಲ್ಲ. ಸೋತ ಪಾತ್ರಕ್ಕೇ ಅರ್ಥ ಹೇಳಲು ಹೆಚ್ಚು ಇರುವುದು. ಆದರೆ ಬಾಯನ್ನೇ ಕಟ್ಟಿ ಕೂರಿಸಿದರೆ? ತಾಳಮದ್ದಳೆಯಲ್ಲಿ ಲಕ್ಷ್ಮಣ ಮೂರ್ಛೆ ಹೋದಾಗ ಅರ್ಥಧಾರಿ ಸುಮ್ಮನಿರಬೇಕು, ನಿಜ. ಭಾಗವತರು ಆ ಹೊತ್ತನ್ನು ಅಳೆದು ಪದ್ಯ ಎತ್ತುತ್ತಾರೆ. ದಾಳಕ್ಕೆ ಆ ದಾಕ್ಷಿಣ್ಯ ಎಲ್ಲಿಂದ ಬರಬೇಕು!

"ಹಳೆಯ ಆವೃತ್ತಿಗಳಲ್ಲಿ ಇನ್ನೂ ಕಷ್ಟವಿತ್ತು" ಎಂದು ಅಳಿಯ ಸಮಾಧಾನ ಹೇಳಿದ. ಪಿಶಾಚಿ ಮುಟ್ಟಿದರೆ ಗಳಿಸಿದ ಹಂತವೇ ಇಳಿದು ಹೋಗುತ್ತಿತ್ತಂತೆ. ಬ್ಯಾಂಕಿನಲ್ಲಿ ಹಿಂಬಡ್ತಿಗೆ ಮುನ್ನ ವಿಚಾರಣೆಯಾದರೂ ನಡೆಯುತ್ತದೆ.

ನನ್ನ ಗೊಣಗಾಟ ತಾಳಲಾರದೆ ಅವನು ಕೈ ಮುಗಿದ. "ನಿಮ್ಮ ಸರದಿ ಬರುವ ತನಕ ಆ ಪುರೋಹಿತನ ಪಾತ್ರ ನೀವೇ ಮಾಡಿ, ಮಾವ."

ಜನ ಕಡಿಮೆಯಾದಾಗ ಒಬ್ಬನೇ ಎರಡು ವೇಷಕ್ಕೆ ಅರ್ಥ ಹೇಳುವುದು ನಮ್ಮಲ್ಲಿ ಇದ್ದದ್ದೇ. ಎಮರ್ಜೆನ್ಸಿ ಲೈಟಿನ ಬೆಳಕಿನಲ್ಲಿ ಪುರೋಹಿತನಾಗಿ ಪೀಠಿಕೆ ಹಾಕಿದೆ: ಈ ಗುಡಿ ಯಾರದು, ಬೀಗ ಮುರಿದು ಬಂದ ನೀವು ವೀರರೋ ಕಳ್ಳರೋ, ನಿಮ್ಮ ಚೀಲದ ನಾಣ್ಯ ಯಾರ ಹುಂಡಿಯದು? ಹುಡುಗರು ಉತ್ತರ ಹುಡುಕುತ್ತಾ ಹೊಡೆಯುವುದನ್ನೇ ಮರೆತರು. ಪತ್ರೊಡೆ ತಂದ ಅಕ್ಕ ತಟ್ಟೆ ಹಿಡಿದು ಅಲ್ಲೇ ನಿಂತಳು. ಮಾತಿನ ಆವೇಶದಲ್ಲಿ ನಾನು ಚೂರಿ ಎತ್ತಿ, ಎದುರಿಗೆ ಕಲ್ಲಾಗಿ ನಿಂತಿದ್ದ ಯೋಧನಿಗೆ ಇರಿದೆ. ಕದಲಲಾಗದವನಿಗೆ ಪಕ್ಕದಲ್ಲಿ ನಿಂತು ಹೊಡೆದರೆ ತಾಗಿದ ಏಟಿನ ಪೆಟ್ಟು ಅಳೆಯುವ ದಾಳಗಳು ದುಪ್ಪಟ್ಟು. ಅವನಲ್ಲಿ ಉಳಿದಿದ್ದ ಜೀವವೇ ಅಲ್ಪ.

"ಮಾವ, ಅದು ನಿಮ್ಮದೇ ಪಾತ್ರ!"

"ಪುರೋಹಿತನಿಗೆ ಅದು ಗೊತ್ತಿಲ್ಲವಲ್ಲ" ಎಂದೆ.

ನೆಲಕ್ಕುರುಳಿದವನು ಬದುಕುತ್ತಾನೋ ಇಲ್ಲವೋ ನೋಡಲು ಅಳಿಯ ದಾಳ ಕೊಟ್ಟ. ಉರುಳಿಸಿದೆ. ಒಂದು ಬಿತ್ತು. ಅವನು ಅಭ್ಯಾಸಬಲದಿಂದ ಬಾಯಿ ತೆರೆದ.

"ಕತ್ತಿ ಆಗಲೇ ಬಾವಿಯಲ್ಲಿದೆ ಮಾರಾಯ," ಎಂದೆ, "ಇನ್ನು ಜಾರಿಸಲು ಏನೂ ಉಳಿದಿಲ್ಲ."